ಪಲ್ಲಾಡಿಯಂ ಎಂಬ ಮದುವೆ ಬ್ರೋಕರ್

ಬಿಪಿ ಇರುವವರ ಮನೆಯಲ್ಲಿ ಲೊಸಾರ್ಟಾನ್ ಮಾತ್ರೆ ನೋಡಿದ್ದೀರಾ?
ಅದರ ತಯಾರಿಕೆಗೆ ನೆರವಾದದ್ದು ಸುಜುಕಿ ಕ್ರಿಯೆ.
ಕಾರಿನ ಸುಜುಕಿ ಅಲ್ಲ!
ರಸಾಯನ ವಿಜ್ಞಾನಿ ಅಕಿರಾ ಸುಜುಕಿ.

ಹುಟ್ಟಿದ್ದು 1930ರಲ್ಲಿ, ಜಪಾನಿನ ಹೊಕ್ಕೈಡೋದಲ್ಲಿ.
ಓದಬೇಕು ಅಂದುಕೊಂಡಿದ್ದು ಗಣಿತ.
ಕಾಲೇಜಿನಲ್ಲಿ ಕೈಗೆ ಸಿಕ್ಕ ಒಂದು ಪಠ್ಯಪುಸ್ತಕ ಅವರನ್ನು ರಸಾಯನಶಾಸ್ತ್ರಕ್ಕೆ ಎಳೆಯಿತು.

ಮುಂದಿನ ತಿರುವೂ ಪುಸ್ತಕದಿಂದಲೇ.
ಸಪ್ಪೊರೊದ ಪುಸ್ತಕದಂಗಡಿ.
ಕೆಂಪು–ಕಪ್ಪು ರಟ್ಟಿನ ಒಂದು ಪುಸ್ತಕ ಕಣ್ಣಿಗೆ ಬಿತ್ತು.
ಬರೆದವರು ಬೋರಾನ್ ಪಂಡಿತ ಹರ್ಬರ್ಟ್ ಬ್ರೌನ್.
1963ರಲ್ಲಿ ಸುಜುಕಿ ಅಮೆರಿಕಕ್ಕೆ ಹೋಗಿ ಅವರ ಲ್ಯಾಬನ್ನೇ ಸೇರಿದರು.

ಈಗ ಅಸಲಿ ವಿಷಯ.
ಸುಜುಕಿ ಕ್ರಿಯೆಯ ಕೆಲಸ ಇಂಗಾಲಕ್ಕೆ ಇಂಗಾಲ ಅಂಟಿಸುವುದು; ಅದು ಸುಲಭವಲ್ಲ.
ಇಲ್ಲಿ ಪಲ್ಲಾಡಿಯಂ ಲೋಹವೇ ಮದುವೆ ಬ್ರೋಕರ್!
ಬ್ರೋಮಿನ್ ಜೊತೆಗಿರುವ ಇಂಗಾಲ ಗಂಡಿನ ಕಡೆ.
ಬೋರಾನ್ ಜೊತೆಗಿರುವ ಇಂಗಾಲ ಹೆಣ್ಣಿನ ಕಡೆ.
ಇಬ್ಬರನ್ನೂ ಪಲ್ಲಾಡಿಯಂ ಹತ್ತಿರ ತಂದು ಕೂರಿಸುತ್ತದೆ.
ಗಂಟು ಬಿತ್ತೋ, ಮುಂದಿನ ಜೋಡಿ ಹುಡುಕಿಕೊಂಡು ಹೊರಡುತ್ತದೆ.
ಅದಕ್ಕೇ ಚೂರು ಪಲ್ಲಾಡಿಯಂ ಸಾಕು.

ಆದರೆ ಬೋರಾನ್ ತನ್ನ ಇಂಗಾಲವನ್ನು ಬಿಟ್ಟುಕೊಡಲು ಒಪ್ಪುತ್ತಿರಲಿಲ್ಲ.
ಸುಜುಕಿ ಮತ್ತು ಸಹೋದ್ಯೋಗಿ ನೊರಿಯೊ ಮಿಯೌರಾ ಅದಕ್ಕೆ ಪ್ರತ್ಯಾಮ್ಲ ಬೆರೆಸಿದರು.
ಬೋರಾನ್ ಪಟ್ಟು ಸಡಿಲಿಸಿತು!
ಈ ವಿಧಾನ ಪ್ರಕಟವಾದದ್ದು 1979ರಲ್ಲಿ.

ಈ ಬೋರಾನ್ ಸಂಯುಕ್ತಗಳಿಗೆ ನೀರು ತಾಗಿದರೂ ತೊಂದರೆಯಿಲ್ಲ, ವಿಷವೂ ಕಡಿಮೆ.
ಹಾಗಾಗಿ ಔಷಧ ಕಾರ್ಖಾನೆಗಳಿಗೆ ಈ ವಿಧಾನ ಅಚ್ಚುಮೆಚ್ಚು.
ಸುಜುಕಿ ಇದಕ್ಕೆ ಪೇಟೆಂಟ್ ಮಾಡಿಸಲೇ ಇಲ್ಲ.
ಯಾರು ಬೇಕಾದರೂ ಬಳಸಬಹುದಿತ್ತು.

2010ರಲ್ಲಿ ರಸಾಯನ ವಿಜ್ಞಾನಿಗಳಾದ ರಿಚರ್ಡ್ ಹೆಕ್, ಐ-ಇಚಿ ನೆಗಿಶಿ ಜೊತೆ ಸುಜುಕಿಗೆ ನೊಬೆಲ್ ಬಂತು.
ಅಂದಹಾಗೆ, ನೆಗಿಶಿ ಕೂಡ ಬ್ರೌನ್ ಅವರ ಲ್ಯಾಬಿನಲ್ಲಿ ಪಳಗಿದವರೇ!