ಪೋಳೆಂ ಗಡಿ ದಾಟಿದರೆ ಸೋಂದೆ ಅರಸರ ನೆಲ

ಫೋಂಡಾ: ಕಾರವಾರದಲ್ಲಿ ಮಡಗಾಂವ್ ಬಸ್ಸು ಹತ್ತಿ ಕಾಳಿ ನದಿ ದಾಟಿದರೆ ಸದಾಶಿವಗಡ. ಅದರಾಚೆ ಮಾಜಾಳಿ. ಆಮೇಲೆ ಪೋಳೆಂ ಚೆಕ್‌ಪೋಸ್ಟ್. ಅಲ್ಲಿಗೆ ಕರ್ನಾಟಕ ಮುಗಿಯಿತು, ಗೋವಾ ಶುರು. ವಾಸ್ಕೋದಲ್ಲಿ ಕೂಲಿಗೆ ಇರುವವರು, ಮಡಗಾಂವ್‌ನಲ್ಲಿ ಗೌಂಡಿ ಕೆಲಸದವರು, ಕಾಣಕೋಣಕ್ಕೆ ಮಗಳನ್ನು ಕೊಟ್ಟವರು ಎಲ್ಲರೂ ಈ ಗಡಿಯನ್ನು ಎಷ್ಟು ಸಲ ದಾಟಿದ್ದಾರೋ ಲೆಕ್ಕವಿಲ್ಲ. ಆದರೆ ಗಡಿ ಇಲ್ಲೇ ಯಾಕೆ ಬಂತು? ಕಾಳಿ ನದಿಯ ಮೇಲೇಕೆ ಬರಲಿಲ್ಲ, ಇಲ್ಲ ಕಾಣಕೋಣದ ಘಟ್ಟದ ಆಚೆ ಏಕೆ ನಿಲ್ಲಲಿಲ್ಲ?

1956ರ ಭಾಷಾವಾರು ಪ್ರಾಂತ ರಚನೆಯಲ್ಲಿ ಹೀಗಾಯಿತು ಅಂತ ಅಂದುಕೊಂಡವರೇ ಹೆಚ್ಚು. ಆದರೆ ಆಗ ಗೋವಾ ಭಾರತದಲ್ಲೇ ಇರಲಿಲ್ಲ. ಈ ಗೆರೆ ಅದಕ್ಕಿಂತ ಸುಮಾರು ಇನ್ನೂರು ವರ್ಷ ಹಳೆಯದು. ನಮ್ಮ ಶಿರಸಿ ಪಕ್ಕದ ಸೋಂದೆಯ ಅರಸ ರಾಜ್ಯ ಕಳೆದುಕೊಂಡು ಗೋವೆಗೆ ಓಡಿ ಬಂದ ಕಾಲಕ್ಕೆ ಬಿದ್ದದ್ದು.

ಇವತ್ತಿನ ಫೋಂಡಾ, ಸಾಂಗೆ, ಕೇಪೆ, ಕಾಣಕೋಣ ಈ ಸೀಮೆಯಲ್ಲಿ ಬಹುಪಾಲು 18ನೇ ಶತಮಾನದಲ್ಲಿ ಸೋಂದೆ ಅರಸರದು. ಪೋರ್ಚುಗೀಸರ ಹತ್ತಿರ 1510ರಿಂದ ಇದ್ದದ್ದು ತೀಸವಾಡಿ, ನಂತರ ಕೈಗೆ ಬಂದದ್ದು ಬಾರ್ದೇಸ್ ಮತ್ತು ಸಾಲಸೆಟ್ಟಿ. ಎರಡೂವರೆ ಶತಮಾನ ಅವರ ಗೋವಾ ಅಂದರೆ ಅಷ್ಟೇ. ಉಳಿದ ಗೋವಾ 'ಹೊಸ ಗೆಲುವು' ಅಂತ ಅವರ ದಫ್ತರಕ್ಕೆ ಸೇರಿದ್ದು ಆಮೇಲೆ. ಉತ್ತರದ ಪೆಡ್ಣೆ, ಡಿಚೋಲಿ, ಸತ್ತರಿ ಸಾವಂತವಾಡಿ ಭೋಸಲೆಯವರಿಂದ ಬಂತು. ದಕ್ಷಿಣದ್ದು ಸೋಂದೆಯಿಂದ. ಆದರೆ ಸೋಂದೆಯ ಪಾಲನ್ನು 'ಗೆಲುವು' ಅಂತ ಕರೆಯುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೆಣಸಿನ ರಾಜ್ಯ

ಸೋಂದೆ, ಸೋದೆ, ಸ್ವಾದಿ ಹೆಸರು ಏನೇ ಇರಲಿ, ಶಾಲ್ಮಲಾ ಹೊಳೆಯ ಸುತ್ತಿನ ಈ ಕಾಡು ರಾಜ್ಯ ವಿಜಯನಗರದ ಮಾಂಡಲಿಕರಾಗಿದ್ದ ನಾಯಕರದು. 16ನೇ ಶತಮಾನದ ಅರಸಪ್ಪ ನಾಯಕನ ಕಾಲದಲ್ಲಿ ವಾದಿರಾಜರು ಇಲ್ಲಿದ್ದರು, ಅವರ ಬೃಂದಾವನ ಇಲ್ಲೇ ಇದೆ. ಜೈನ ಮಠ, ಸ್ವರ್ಣವಲ್ಲಿ ಮಠ, ವಾದಿರಾಜ ಮಠ ಮೂರೂ ಒಂದೇ ಊರಿನ ಆಸುಪಾಸಿನಲ್ಲಿ. ನಂತರದ ಅರಸರ ಹೆಸರು ನೋಡಿದರೆ ಸದಾಶಿವ, ಬಸವಲಿಂಗ, ಅರಮನೆ ವೀರಶೈವವಾಗಿತ್ತು. ಎಲ್ಲ ಮತದವರಿಗೂ ಜಾಗ ಕೊಟ್ಟ ಮನೆತನ ಅಂತ ಶಿರಸಿ ಕಡೆಯವರು ಇಂದಿಗೂ ಹೇಳುತ್ತಾರೆ, ಸುಳ್ಳೇನಲ್ಲ.

ರಾಜ್ಯ ಚಿಕ್ಕದು, ಆದರೆ ಬಡ ರಾಜ್ಯ ಅಲ್ಲ. ಘಟ್ಟದ ಮೇಲೆ ಕಾಳುಮೆಣಸು, ಘಟ್ಟದ ಕೆಳಗೆ ಕಾರವಾರದ ಬಂದರು. ಇಂಗ್ಲಿಷರು 1638ರಷ್ಟು ಹಿಂದೆಯೇ ಕಾರವಾರಕ್ಕೆ ಬಂದು ಕೋಠಿ ಹಾಕಿದ್ದು ಈ ಮೆಣಸಿನ ಆಸೆಗೆ. ಕಾಳಿ ನದಿಯ ಬಾಯಲ್ಲಿ ಬಸವಲಿಂಗ ರಾಜ ಗುಡ್ಡದ ಮೇಲೆ ಕೋಟೆ ಕಟ್ಟಿಸಿ ತಂದೆಯ ಹೆಸರಿಟ್ಟ. ಅದೇ ಸದಾಶಿವಗಡ. ಬಸ್ಸಿನ ಕಿಟಕಿಯಿಂದ ನೀವು ನೋಡುವ ಗುಡ್ಡ ಅದು.

ಮೆಣಸು ಇದ್ದಲ್ಲಿ ಪೋರ್ಚುಗೀಸರ ಕಣ್ಣು ಇರಲೇಬೇಕಲ್ಲ. 1752ರಲ್ಲಿ ಅವರು ಸೋಂದೆಯ ಮೇಲೆ ಯುದ್ಧ ಸಾರಿ ಹಡಗು ತಂದು ಸದಾಶಿವಗಡ ಹಿಡಿದರು. ಕಾರವಾರದ ವ್ಯಾಪಾರವೆಲ್ಲ ತಮಗೇ ಸೇರಬೇಕು ಅಂತ ಪಟ್ಟು ಹಿಡಿದರು. ಇಂಗ್ಲಿಷರು ಕೋಠಿ ಮುಚ್ಚಿಕೊಂಡು ಹೋದರು. ಸ್ವಂತ ಬಂದರಿನಲ್ಲಿ ಯಾರಿಗೆ ಮೆಣಸು ಮಾರಬೇಕು ಅಂತ ತೀರ್ಮಾನಿಸುವ ಹಕ್ಕನ್ನೇ ಅರಸನಿಂದ ಕಿತ್ತುಕೊಳ್ಳುವ ಪ್ರಯತ್ನ ಅದು. ಒತ್ತಡ ಅಲ್ಲಿಂದಲೇ ಶುರು ಅನ್ನಬೇಕು.

ಫೋಂಡಾದ ಕಥೆಯೂ ಹಾಗೇ. ಈ ಸೀಮೆ ಆದಿಲ್‌ಶಾಹಿ, ಮರಾಠರು, ಸೋಂದೆ ಅಂತ ಕೈ ಬದಲಾಯಿಸುತ್ತಲೇ ಇತ್ತು. 1675ರಲ್ಲಿ ಶಿವಾಜಿ ಫೋಂಡಾ ಕೋಟೆ ಗೆದ್ದಿದ್ದರು. 1683ರಲ್ಲಿ ಪೋರ್ಚುಗೀಸರು ಅದಕ್ಕೆ ಮುತ್ತಿಗೆ ಹಾಕಿ ಸಂಭಾಜಿಯ ಕೈಲಿ ಪೆಟ್ಟು ತಿಂದು ವಾಪಸಾದರು. 1756ರಲ್ಲಿ ಮತ್ತೆ ಬಂದಾಗ ಸ್ವತಃ ವೈಸ್‌ರಾಯ್, ಆಲ್ವಾದ ಕೌಂಟ್, ಆ ಕೋಟೆಯೆದುರು ಜೀವ ಬಿಟ್ಟ. ಫಿರಂಗಿಯಿಂದ ಸಿಗದ ಫೋಂಡಾ ಮುಂದೆ ಕಾಗದದಿಂದ ಸಿಕ್ಕಿತು.

ಬಿದನೂರು ಬಿದ್ದ ವರ್ಷ

1763ರ ಆರಂಭದಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆ ಹಿಡಿದು ಮಧುಗಿರಿ ಕೋಟೆಯಲ್ಲಿಟ್ಟ. 1767ರಲ್ಲಿ ಮರಾಠರು ಬಂದು ಬಿಡಿಸುವವರೆಗೆ ಆಕೆಗೆ ಅದೇ ಗತಿ. ನೆರೆಯ ರಾಜ್ಯದ ಈ ಅವಸ್ಥೆ ಸೋಂದೆಯ ಅರಸ ಇಮ್ಮಡಿ ಸದಾಶಿವನ ಕಣ್ಣೆದುರಿಗೇ ನಡೆದದ್ದು. ಅದೇ ವರ್ಷದ ಕೊನೆಗೆ ಹೈದರನ ದಂಡನಾಯಕ ಫಜಲುಲ್ಲಾ ಖಾನ್ ಸೋಂದೆಗೆ ನುಗ್ಗಿದ.

ಅರಸನ ಎದುರು ಏನಿತ್ತು? ಉತ್ತರದಲ್ಲಿ ಪೇಶ್ವೆ; ಪಾಣಿಪತ್ತಿನಲ್ಲಿ ಸೋತು ಮೂರು ವರ್ಷ ಆಗುತ್ತ ಬಂದಿತ್ತಷ್ಟೆ, ಬಂದಾರು ಅಂತ ಹೇಳುವಂತಿರಲಿಲ್ಲ. ದಕ್ಷಿಣದಲ್ಲಿ ಹೈದರ್. ಪಶ್ಚಿಮದಲ್ಲಿ ಸಮುದ್ರ, ಮತ್ತು ಹತ್ತು ವರ್ಷದ ಹಿಂದೆ ತನ್ನ ಕೋಟೆಯನ್ನೇ ಹಿಡಿದಿದ್ದ ಪೋರ್ಚುಗೀಸರು. ಮೂರರಲ್ಲಿ ಆಶ್ರಯ ಕೊಡುವೆ ಅಂದದ್ದು ಕೊನೆಯವರು. ಅರಸ ಪರಿವಾರ ಕಟ್ಟಿಕೊಂಡು ಗೋವೆಗೆ ಇಳಿದ.

ಆಶ್ರಯ ಪುಕ್ಕಟೆ ಅಲ್ಲ. ಆಗ ಗೋವೆಯಲ್ಲಿ ವೈಸ್‌ರಾಯ್ ಆಗಿದ್ದವನು ಎಗಾದ ಕೌಂಟ್. 1763–64ರಲ್ಲಿ ಫೋಂಡಾ, ಝಾಂಬಾವಲಿಯ ಪಂಚಮಹಾಲು, ಕಾಣಕೋಣ, ಕಾಬೋ ದ ರಾಮ ಕೋಟೆ ಒಂದೊಂದಾಗಿ ಪೋರ್ಚುಗೀಸ್ ಪಹರೆಗೆ ಹೋದವು. ಹೇಳಿಕೊಂಡ ಕಾರಣ ಒಂದೇ: ಹೈದರ್ ಇಲ್ಲಿಗೂ ಇಳಿದರೆ ಏನು ಗತಿ, ಅರಸನ ಪರವಾಗಿ ನಾವು ಕಾಯುತ್ತೇವೆ. ಬದಲಿಗೆ ಅರಸನ ಖರ್ಚಿಗೆ ಹಣ, ಇರಲು ಜಾಗ, ಮರ್ಯಾದೆ.

ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟವನ ಗದ್ದೆಯನ್ನು 'ನಾನು ನೋಡ್ಕೋತೀನಿ, ನೀನು ಚಿಂತೆ ಮಾಡಬೇಡ' ಅಂದ ಪಕ್ಕದವನು ಕೆಲವು ವರ್ಷದ ಮೇಲೆ ಖಾತೆಗೆ ಸಹಿ ಕೇಳಿಕೊಂಡು ಬರುವ ಕಥೆ ಹಾವೇರಿ, ಗದಗ, ಬಾಗಲಕೋಟೆಯಿಂದ ಇಲ್ಲಿಗೆ ಬಂದ ಎಷ್ಟು ಮನೆಗಳಲ್ಲಿ ಇಲ್ಲ?

ಸಿಂಹಾಸನ ಇಲ್ಲದ ಅರಸು

ಫೋಂಡಾ ಪಟ್ಟಣದ ಪಕ್ಕದ ಬಾಂದೋಡೆಯಲ್ಲಿ ಸೋಂದೆ ಮನೆತನ ನೆಲೆ ನಿಂತಿತು. ಇಲ್ಲಿಯ ನಾಗೇಶಿ ದೇವಸ್ಥಾನಕ್ಕೆ ಹೋದವರು ಕೆರೆ ನೋಡಿರುತ್ತಾರೆ. ದೇವಸ್ಥಾನದ ಶಾಸನ 1413ರದು, ವಿಜಯನಗರದ ದೇವರಾಯನ ಕಾಲದ್ದು. ವಿಜಯನಗರದ ಮಾಂಡಲಿಕರ ವಂಶ ಎಲ್ಲ ಕಳೆದುಕೊಂಡು ಕೊನೆಗೆ ಬಂದು ನಿಂತದ್ದು ವಿಜಯನಗರದ ಹೆಸರು ಕೊರೆದ ಕಲ್ಲಿನ ಬಳಿಯೇ. ಗೋವೆಯವರ ಬಾಯಲ್ಲಿ ಅವರು 'ಸೌಂದೇಕರ' ಆದರು.

ಪೋರ್ಚುಗೀಸರು ಅರಸನಿಗೆ 'ಸುಂದದ ರಾಜ' ಎಂಬ ಬಿರುದನ್ನು ಬಿಟ್ಟುಕೊಟ್ಟರು. ಪತ್ರದಲ್ಲಿ ಗೌರವದ ಸಂಬೋಧನೆ ಇತ್ತು. ಇಲ್ಲದ್ದು ಸರ್ಕಾರ ಒಂದೇ. ತೆರಿಗೆ ಎತ್ತುವ ಹಕ್ಕಿಲ್ಲ, ಕೋಟೆಯ ಕೀಲಿ ಇಲ್ಲ, ದಂಡು ಇಲ್ಲ. ಸೋಂದೆಗೆ ವಾಪಸು ಹೋಗಿ ಮತ್ತೆ ರಾಜ್ಯ ಕಟ್ಟಬೇಕೆಂದರೆ ಆಶ್ರಯ ಕೊಟ್ಟವರೇ ದಂಡು ಕೊಡಬೇಕು. ದಂಡು ಕೊಟ್ಟು ಅರಸ ಗೆದ್ದರೆ ಫೋಂಡಾ, ಕಾಣಕೋಣ ಹಿಂದಿರುಗಿಸಬೇಕಾಗುತ್ತದೆ. ಯಾವ ವೈಸ್‌ರಾಯ್ ಅಂಥ ಕೆಲಸ ಮಾಡಿಯಾನು?

ಹಾಗಂತ ಅರಸನನ್ನು ಓಡಿಸುವಂತೆಯೂ ಇರಲಿಲ್ಲ. ನೆಲದ ಮೇಲೆ ಪಹರೆ ಪೋರ್ಚುಗೀಸರದಾದರೂ ಹಕ್ಕು ಸೋಂದೆಯದು. ನಾಳೆ ಪೇಶ್ವೆ ಕೇಳಿದರೆ, ಹೈದರ್ ಕೇಳಿದರೆ, ತೋರಿಸಲು ಅರಸನ ಒಪ್ಪಿಗೆ ಬೇಕು. ಹಳ್ಳಿಗಳ ದೇಸಾಯಿಗಳು, ಗಾಂವಕಾರರು ಮಾತು ಕೇಳಬೇಕಾದರೂ ಅದು ಬೇಕು. ಬಾಂದೋಡೆಯ ಅರಸ ಅತಿಥಿಯೂ ಹೌದು, ಅಡವಿಟ್ಟ ಒಡವೆಯೂ ಹೌದು.

ಹೀಗೆ ಇಪ್ಪತ್ತೇಳು ಇಪ್ಪತ್ತೆಂಟು ವರ್ಷ ಕಳೆಯಿತು. 1791ರಲ್ಲಿ ಒಪ್ಪಂದ ಆಯಿತು. ಆಗ ಫ್ರಾನ್ಸಿಸ್ಕೊ ದ ಕುನ್ಯಾ ಇ ಮೆನೆಜಿಸ್ ಗೋವೆಯ ಗವರ್ನರ್. ಫೋಂಡಾ, ಝಾಂಬಾವಲಿ, ಕಾಣಕೋಣ, ಕಾಬೋ ದ ರಾಮದ ಮೇಲಿನ ಎಲ್ಲ ಹಕ್ಕನ್ನೂ ಸೋಂದೆ ಮನೆತನ ಶಾಶ್ವತವಾಗಿ ಬಿಟ್ಟುಕೊಟ್ಟಿತು. 'ನೋಡಿಕೊಳ್ಳುತ್ತೇವೆ' ಅಂದದ್ದು 'ನಮ್ಮದು' ಆಯಿತು.

ಆ ವರ್ಷ ಗಮನಿಸಿ. 1791ರಲ್ಲಿ ಮೂರನೇ ಮೈಸೂರು ಯುದ್ಧ ನಡೆದಿತ್ತು. ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದದ್ದು ಅದೇ ಮಾರ್ಚಿನಲ್ಲಿ. ಟಿಪ್ಪು ಕುಗ್ಗಿದರೆ ಸೋಂದೆ ಅರಸನಿಗೆ ಘಟ್ಟ ಹತ್ತುವ ಆಸೆ ಚಿಗುರುವ ಕಾಲ. ಪೋರ್ಚುಗೀಸರು ಕಾಗದ ಗಟ್ಟಿ ಮಾಡಿಕೊಂಡದ್ದು ಸರಿಯಾಗಿ ಆ ಹೊತ್ತಿಗೆ. ಕಾಕತಾಳೀಯ ಅನ್ನುವವರು ಅನ್ನಲಿ. ಈ ಬರಹಗಾರನಿಗೆ ಹಾಗೆ ಅನ್ನಿಸುವುದಿಲ್ಲ. ಅನ್ನ, ಮನೆ, ವರ್ಷಾಶನ ಎಲ್ಲಕ್ಕೂ ಒಬ್ಬನನ್ನೇ ನಂಬಿ ಕೂತವನು ಅವನು ಚಾಚಿದ ಕಾಗದಕ್ಕೆ ಸಹಿ ಹಾಕುವಾಗ ಕತ್ತಿ ತೋರಿಸುವ ಅಗತ್ಯ ಇರುವುದಿಲ್ಲ.

ಮೈಸೂರಿಗೆ ಸಿಕ್ಕದ್ದು ಸೋಂದೆಗೆ ಸಿಗಲಿಲ್ಲ

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಇಂಗ್ಲಿಷರು ಐದು ವರ್ಷದ ಕೃಷ್ಣರಾಜ ಒಡೆಯರನ್ನು ಕರೆತಂದು ಮೈಸೂರಿನ ಪಟ್ಟಕ್ಕೆ ಕೂರಿಸಿದರು. ಪೂರ್ಣಯ್ಯನವರು ದಿವಾನರು, ಪಕ್ಕದಲ್ಲಿ ಕಂಪನಿಯ ರೆಸಿಡೆಂಟ್. ಸರ್ಕಾರ ರಚನೆ ಅರಸನದಲ್ಲ, ಕಂಪನಿಯದು. ಬೇಡವೆಂದಾಗ 1831ರಲ್ಲಿ ಆಡಳಿತ ವಾಪಸು ತೆಗೆದುಕೊಂಡದ್ದೂ ಕಂಪನಿಯೇ. ಆದರೂ ಹೆಸರಿಗಾದರೂ ಒಂದು ಪಟ್ಟ ಉಳಿಯಿತು, 1881ರಲ್ಲಿ ರಾಜ್ಯ ತಿರುಗಿ ಬಂತು.

ಸೋಂದೆಗೆ ಅಷ್ಟೂ ಇಲ್ಲ. ಟಿಪ್ಪುವಿನ ರಾಜ್ಯ ಹಂಚುವಾಗ ಘಟ್ಟದ ಮೇಲಿನ ಸೋಂದೆಯನ್ನು ಬೇರೆ ಕೆಲವು ಸೀಮೆಗಳ ಜೊತೆ ಪೇಶ್ವೆಗೆ ಕೊಡುತ್ತೇವೆ ಅಂದರು. ಪೇಶ್ವೆ ಕಂಪನಿಯ ಷರತ್ತಿಗೆ ಒಪ್ಪಲಿಲ್ಲ. ಕೊನೆಗೆ ಕಂಪನಿಯೇ ಇಟ್ಟುಕೊಂಡಿತು. ಕೆನರಾಕ್ಕೆ ಕಲೆಕ್ಟರ್ ಆಗಿ ಥಾಮಸ್ ಮನ್ರೋ ಬಂದ. ತಟ್ಟೆಯಲ್ಲಿಟ್ಟು ಯಾರ್‍ಯಾರ ಮುಂದೆಯೋ ಹಿಡಿದ ರಾಜ್ಯದ ಹಳೇ ಒಡೆಯರು ಬಾಂದೋಡೆಯಲ್ಲಿ ಬಿರುದು ಇಟ್ಟುಕೊಂಡು ಕೂತಿದ್ದರು.

ಅಲ್ಲಿಗೆ ಒಂದೇ ರಾಜ್ಯ ಎರಡು ಹೋಳು. ಸೋಂದೆ, ಸದಾಶಿವಗಡ, ಮಾಜಾಳಿ ಇಂಗ್ಲಿಷರಿಗೆ. ಪೋಳೆಂನಿಂದ ಆಚೆ ಪೋರ್ಚುಗೀಸರಿಗೆ. ಉತ್ತರ ಕೆನರಾ ಮದ್ರಾಸಿನಿಂದ 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಹೋಯಿತು. ಗೋವಾ 1961ರ ಡಿಸೆಂಬರ್ 19ರಂದು ಬಿಡುಗಡೆಯಾಗಿ, 1987ರಲ್ಲಿ ರಾಜ್ಯವಾಯಿತು. ಗೆರೆ ಮಾತ್ರ ಬಿದ್ದಲ್ಲೇ ಉಳಿಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೇ ಗೋವೆಯಲ್ಲಿ ದೇವಸ್ಥಾನ ಕೆಡವಿದ ಪೋರ್ಚುಗೀಸರು ಸೋಂದೆಯ ಸೀಮೆಯಲ್ಲಿ ಆ ಕೆಲಸ ಮಾಡಲಿಲ್ಲ. ಕುಶಸ್ಥಳಿಯಿಂದ ಬಂದ ಮಂಗೇಶಿ, ಕೇಳೋಶಿಯಿಂದ ಬಂದ ಶಾಂತಾದುರ್ಗೆ, ವೆರ್ಣೆಯಿಂದ ಬಂದ ಮ್ಹಾಳಸೆ ಎಲ್ಲ ದೇವರೂ 16ನೇ ಶತಮಾನದಲ್ಲಿ ಓಡಿ ಬಂದು ಸೇರಿದ್ದು ಈ ಫೋಂಡಾ ಸೀಮೆಗೆ. ಎರಡು ಶತಮಾನದ ನಂತರ ಅದೇ ಪೋರ್ಚುಗೀಸರು ಬೆನ್ನ ಹಿಂದೆಯೇ ಬಂದಾಗ ಜನರ ಎದೆ ನಡುಗಿರಬೇಕು. ಆದರೆ ಹೊಸ ಸೀಮೆಯಲ್ಲಿ ಜನರ ಧರ್ಮ, ನಡಾವಳಿಗೆ ಕೈ ಹಾಕುವುದಿಲ್ಲ ಅಂತ ಮಾತು ಕೊಟ್ಟರು, ಬಹುಮಟ್ಟಿಗೆ ನಡೆಸಿಕೊಂಡರು. ಹಿಂದೂಗಳ ಮದುವೆ, ದತ್ತು ಮುಂತಾದ ನಡಾವಳಿಗೆ 1880ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಬರೆದರು. ಕಾಲ ಬದಲಾಗಿತ್ತು ಅನ್ನುವುದು ನಿಜ. ನೆಲ ಅರಸನ ಒಪ್ಪಿಗೆಯ ಮೇಲೆ ಬಂದದ್ದು, ಜನರನ್ನು ಎದುರು ಹಾಕಿಕೊಂಡರೆ ಮರಾಠರು ಬಾಗಿಲಲ್ಲೇ ಇದ್ದಾರೆ ಅನ್ನುವ ಭಯವೂ ಅಷ್ಟೇ ನಿಜ. ಇವತ್ತು ಮಂಗೇಶಿಯಲ್ಲಿ ಹಣ್ಣುಕಾಯಿ ಮಾಡಿಸುವ ಕನ್ನಡದ ಕುಟುಂಬಗಳು ಬಾಂದೋಡೆಗೂ ಒಂದು ಹೆಜ್ಜೆ ಹೋಗಿ ಬರಬಹುದು, ಫೋಂಡಾದಿಂದ ದೂರವೇನಿಲ್ಲ.

ಊರಿಗೆ ಹೋದಾಗ ಸೋಂದೆಯನ್ನೂ ನೋಡಿ. ಶಿರಸಿಯಿಂದ ಯಲ್ಲಾಪುರ ಕಡೆಯ ರಸ್ತೆ. ಮಠಕ್ಕೆ ಹೋಗುವವರು ಸಾವಿರಾರು ಜನ, ಕೋಟೆಗೆ ಕಾಲಿಡುವವರು ಕಡಿಮೆ. ಗೋಡೆ ಬಹುಪಾಲು ಬಿದ್ದಿದೆ, ಅರಮನೆ ಇಲ್ಲ. ಕಲ್ಲಿನಲ್ಲಿ ಕೆತ್ತಿದ ಮಂಚ ಒಂದು ಉಳಿದಿದೆ. ಹೊತ್ತುಕೊಂಡು ಹೋಗುವಂಥದ್ದಲ್ಲ ಅದು, ಹಾಗಾಗಿ ಅಲ್ಲೇ ಇದೆ.