ಉರಿಗಾಂ ದೀಪಕ್ಕೆ ಕಾವೇರಿ ನೀರು: ಹೊಳೆಯ ಪಾಲು ಎಲ್ಲಿ?

ಬೆಂಗಳೂರಿಗಿಂತ ಮೊದಲು ಕರೆಂಟ್ ಕಂಡಿದ್ದು ನಮ್ಮೂರು ಅಂದ್ರೆ ಆಫೀಸಿನಲ್ಲಿ ಯಾರೂ ನಂಬಲ್ಲ. ಆದರೆ ಅದು ನಿಜ. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್, ಸುಮಾರು 147 ಕಿ.ಮೀ. ತಂತಿಯಲ್ಲಿ ಸಾಗಿ ಕೋಲಾರ ಚಿನ್ನದ ಗಣಿ ತಲುಪಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲಿ ಅದೂ ಒಂದು. ಬೆಂಗಳೂರಿನಲ್ಲಿ ದೀಪ ಹತ್ತಿದ್ದು 1905ರಲ್ಲಿ.

ನಾನು ಉರಿಗಾಂನವಳು. ತಾತ ಗಣಿಯಲ್ಲಿದ್ದರು. 'ಕರೆಂಟ್ ಹೋದ್ರೆ ಮೇಲಿರೋರಿಗೆ ಕತ್ತಲು, ಕೆಳಗಿರೋರಿಗೆ ಉಸಿರಿನ ಪ್ರಶ್ನೆ' ಅನ್ನೋರು. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳ. ಅಲ್ಲಿಂದ ಜನರನ್ನು ಮೇಲೆತ್ತಬೇಕು, ನೀರು ಹೊರಹಾಕಬೇಕು, ಗಾಳಿ ಕಳಿಸಬೇಕು. ಇದ್ಯಾವುದೂ ಹೊಳೆ ತುಂಬಿ ಹರಿಯಲಿ ಅಂತ ಕಾಯೋ ಕೆಲಸವಲ್ಲ.

ಆದರೆ ಬೇಸಿಗೆ ಬಂದರೆ ಕಾವೇರಿ ಇಳಿಯುತ್ತಿತ್ತು. ಕೆಆರ್‌ಎಸ್ ಅಂದ ತಕ್ಷಣ ನಮಗೆ ಮಂಡ್ಯದ ಗದ್ದೆ ನೆನಪಾಗುತ್ತೆ. 1911ರಲ್ಲಿ ಆ ಅಣೆಕಟ್ಟೆ ಕೆಲಸ ಶುರುವಾದಾಗ, ಶಿವನಸಮುದ್ರದ ಟರ್ಬೈನ್‌ಗಳಿಗೆ ವರ್ಷವಿಡೀ ನೀರು ಕೊಡುವುದೂ ಮುಖ್ಯ ಉದ್ದೇಶವಾಗಿತ್ತು. ಅಂದರೆ ಒಂದು ಗಣಿಯ ಅಗತ್ಯಕ್ಕೆ ಒಂದು ನದಿಯ ದಿನಚರಿಯೇ ಬದಲಾಯಿತು. 2001ರಲ್ಲಿ ಗಣಿ ಮುಚ್ಚಿತು. ನದಿಯ ಹಳೇ ದಿನಚರಿ ಮಾತ್ರ ವಾಪಸ್ ಬರಲಿಲ್ಲ.

ನೀರು ಖರ್ಚಾಗಲ್ಲ, ಆದರೂ ನಷ್ಟ ಯಾರಿಗೆ?

'ಜಲವಿದ್ಯುತ್‌ನಲ್ಲಿ ನೀರು ಖರ್ಚೇ ಆಗಲ್ಲ, ಮತ್ತೆ ಹೊಳೆಗೇ ಸೇರುತ್ತೆ' ಅನ್ನೋ ವಾದ ನೀವೂ ಕೇಳಿರ್ತೀರಿ. ಅದು ಅರ್ಧ ಸತ್ಯ. ಶಿವನಸಮುದ್ರದಲ್ಲಿ ಜಲಪಾತದ ಮೇಲ್ಗಡೆಯೇ ನೀರನ್ನು ಕಾಲುವೆಗೆ ತಿರುಗಿಸಿ, ದೊಡ್ಡ ಪೈಪುಗಳಲ್ಲಿ ಕೆಳಗಿನ ವಿದ್ಯುತ್ ಮನೆಗೆ ಇಳಿಸುತ್ತಾರೆ. ನೀರು ಹೊಳೆಗೆ ಮರಳುತ್ತೆ, ಆದರೆ ಜಲಪಾತ ದಾಟಿದ ಮೇಲೆ. ನಡುವಿನ ಹರಿವಿಗೆ ಬೇಸಿಗೆಯಲ್ಲಿ ಉಳಿಯೋದು ಬಂಡೆ, ಅಲ್ಲಲ್ಲಿ ಒಂದು ಗುಂಡಿ ನೀರು. ಗಗನಚುಕ್ಕಿ, ಭರಚುಕ್ಕಿ ನೋಡೋಕೆ ನಾವು ಮಳೆಗಾಲದಲ್ಲೇ ಹೋಗ್ತೀವಲ್ಲ, ಅದಕ್ಕೆ ಇದೂ ಒಂದು ಕಾರಣ.

ಇನ್ನೊಂದು ನಷ್ಟ ಫೋಟೊದಲ್ಲಿ ಕಾಣಲ್ಲ. ನಾವು ಸಂಜೆ ಮನೆಗೆ ಬಂದು ಎಸಿ, ಗೀಸರ್ ಹಾಕಿದಾಗ ಬೇಡಿಕೆ ಏರುತ್ತೆ. ಜಲವಿದ್ಯುತ್ ಘಟಕವನ್ನು ಕೆಲವೇ ನಿಮಿಷಗಳಲ್ಲಿ ಚಾಲೂ ಮಾಡಬಹುದು, ಕಲ್ಲಿದ್ದಲ ಘಟಕಕ್ಕೆ ಆ ಚುರುಕಿಲ್ಲ. ಹಾಗಾಗಿ ಜಲಾಶಯದ ನೀರು ದಿಢೀರನೆ ಬರುತ್ತೆ, ದಿಢೀರನೆ ನಿಲ್ಲುತ್ತೆ. ದಂಡೆಯ ಆಳವಿಲ್ಲದ ನೀರಲ್ಲಿ ಮೊಟ್ಟೆಯಿಟ್ಟ ಮೀನಿಗೆ ಇದು ಮಾರಕ. ಒಮ್ಮೆ ಮೊಟ್ಟೆ ಕೊಚ್ಚಿಹೋಗುತ್ತೆ, ಇನ್ನೊಮ್ಮೆ ಒಣಗುತ್ತೆ.

ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಸಹಜವಾಗಿ ಸಿಗದ, ಬೆನ್ನುಬ್ಬಿದ ಕಿತ್ತಳೆ ರೆಕ್ಕೆಯ ಮಹಶೀರ್ ಮೀನು 2018ರಲ್ಲಿ 'ತೀವ್ರ ಅಳಿವಿನಂಚಿನ' ಪಟ್ಟಿ ಸೇರಿತು. ಅಣೆಕಟ್ಟೆಯೊಂದೇ ಕಾರಣವಲ್ಲ. ಡೈನಮೈಟ್ ಸಿಡಿಸಿ ಮೀನು ಹಿಡಿಯೋದು, ಮರಳು ಎತ್ತೋದು, ಹೊರಗಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್ ತಳಿಯ ಪೈಪೋಟಿ ಎಲ್ಲವೂ ಸೇರಿವೆ. ಆದರೆ ಹರಿವೇ ಕೆಟ್ಟರೆ ಉಳಿದ ಯಾವ ರಕ್ಷಣೆಯೂ ನಿಲ್ಲಲ್ಲ.

ಪಾಲು ಕೊಟ್ಟರೆ ಎಷ್ಟು ಕಳ್ಕೋತೀವಿ?

2018ರಲ್ಲಿ ಕೇಂದ್ರ ಸರ್ಕಾರ ಗಂಗೆಗೆ ಕನಿಷ್ಠ ಹರಿವು ನಿಗದಿ ಮಾಡಿತು. ಮೇಲ್ಗಂಗೆಯಲ್ಲಿ ಒಣ ತಿಂಗಳಲ್ಲಿ ಸರಾಸರಿ ಹರಿವಿನ ಶೇ 20, ಮಳೆಗಾಲದಲ್ಲಿ ಶೇ 30 ನೀರು ಹೊಳೆಯಲ್ಲೇ ಇರಬೇಕು. ಆ ಅಧಿಸೂಚನೆ ಗಂಗೆಗೆ ಮಾತ್ರ.

ಇಲ್ಲೊಂದು ಸರಳ ಲೆಕ್ಕ ಮಾಡೋಣ. ಶಿವನಸಮುದ್ರದ ಸಾಮರ್ಥ್ಯ ಈಗ 42 ಮೆಗಾವಾಟ್. ಅದರ ಪಾಲಿನ ನೀರಲ್ಲಿ ಐದನೇ ಒಂದು ಭಾಗ ಹೊಳೆಗೇ ಬಿಟ್ಟರೆ, ಘಟಕಗಳು ಪೂರ್ತಿ ಓಡುವ ಹೊತ್ತಲ್ಲೂ ತಪ್ಪೋದು ಎಂಟೂವರೆ ಮೆಗಾವಾಟ್‌ಗಿಂತ ಕಡಿಮೆ. ಪಾವಗಡದ ಸೋಲಾರ್ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವಾಟ್. ಸಂಜೆ ಏಳಕ್ಕೆ ಬಿಸಿಲಿರಲ್ಲ, ಒಪ್ಪೋಣ. ಆಗ ಜಲವಿದ್ಯುತ್ ಬೇಕೇ ಬೇಕು. ಆದರೆ ಹಗಲಲ್ಲಿ ಸೌರವಿದ್ಯುತ್ ಬಳಸಿ ಜಲಾಶಯದ ನೀರು ಉಳಿಸಿದರೆ, ಸಂಜೆಗೂ ಸಾಲುತ್ತೆ, ಹೊಳೆಗೂ ದಕ್ಕುತ್ತೆ. ಗೇಟು, ಟರ್ಬೈನ್ ಒಮ್ಮೆಲೇ ತೆರೆದು ಮುಚ್ಚುವ ಬದಲು ಹಂತ ಹಂತವಾಗಿ ಮಾಡಿದರೆ ಮೀನಿಗೂ, ಹೊಳೆಯಲ್ಲಿ ಬಟ್ಟೆ ಒಗೆಯೋ ಅಕ್ಕಂದಿರಿಗೂ ಕ್ಷೇಮ.

ಈ ಮಾತು ಈಗಲೇ ಆಡಬೇಕು. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಇದೆ. ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಹೆಚ್ಚಿದಾಗ ಮತ್ತೆ ಇಳಿಸೋದು ಅದರ ಕೆಲಸ. ಎತ್ತೋಕೆ ಹೋಗುವ ಕರೆಂಟ್, ಇಳಿಸಿದಾಗ ಸಿಗೋದಕ್ಕಿಂತ ಹೆಚ್ಚು. ಜಾಗವೋ, ಸಿಂಗಳೀಕಗಳ ಅಭಯಾರಣ್ಯ. ಇಂಥ ಸಂಗ್ರಹ ಬೇಕು ಅನ್ನೋದು ಸರಿ, ಆದರೆ ಅದಕ್ಕೆ ಬ್ಯಾಟರಿ ಇದೆ, ಕಾಡಿಲ್ಲದ ಜಾಗಗಳಿವೆ. ಸಿಂಗಳೀಕಕ್ಕೆ ಬೇರೆ ಕಾಡು ಕೊಡೋಕಾಗಲ್ಲ.

ನಮ್ಮ ಮನೆಗಳಲ್ಲಿ ಸಂಬಳ ಬಂದ ದಿನವೇ ಬಾಡಿಗೆ, ಅಕ್ಕಿ ದುಡ್ಡು ಎತ್ತಿಡ್ತಾರೆ. ಉಳಿದದ್ದರಲ್ಲಿ ಮಿಕ್ಕ ಖರ್ಚು. ಹೊಳೆಯ ಪಾಲನ್ನೂ ಹಾಗೇ ಮೊದಲು ಎತ್ತಿಡಬೇಕು, ಮಿಕ್ಕಿದರೆ ಕೊಡ್ತೀವಿ ಅನ್ನಬಾರದು. ಯಾವ ಅಣೆಕಟ್ಟೆಯಿಂದ ಯಾವ ಗಂಟೆಗೆ ಎಷ್ಟು ನೀರು ಬಿಟ್ಟರು ಅನ್ನೋದು ನಮ್ಮ ಫೋನಿನಲ್ಲಿ ಕಾಣುವಂತಾಗಲಿ. ವಿದ್ಯುತ್ ದರ ಏರಿಸುವ ಮುನ್ನ ನಡೆಯುವ ಸಾರ್ವಜನಿಕ ವಿಚಾರಣೆಯಲ್ಲಿ ಬಿಲ್ ಕಟ್ಟೋ ನಾವೂ ಮಾತಾಡಬಹುದು. ಈ ಸಲ ಯೂನಿಟ್ ರೇಟಿನ ಜೊತೆ ಹೊಳೆಯ ಪಾಲನ್ನೂ ಕೇಳೋಣ.