ಡಿವಿಡೆಂಡಿನ ಹಿಂದಿನ ಲೆಕ್ಕ

ವಾರ್ಷಿಕ ಮಹಾಸಭೆ ಹತ್ತಿರವಾದಾಗ ಸದಸ್ಯ ಬಂಧುಗಳಿಂದ ತಪ್ಪದೆ ಬರುವ ಪ್ರಶ್ನೆ: “ಈ ಬಾರಿ ಡಿವಿಡೆಂಡ್ ಎಷ್ಟು?” ಪ್ರಶ್ನೆ ನ್ಯಾಯವಾದುದೇ. ಷೇರು ಹಣ ಹಾಕಿದವರಿಗೆ ಪ್ರತಿಫಲ ಸಿಗಬೇಕು. ಆದರೆ ಬ್ಯಾಂಕಿಗಾಗಲಿ ಸಹಕಾರ ಸಂಘಕ್ಕಾಗಲಿ ಷೇರುದಾರನೊಬ್ಬನೇ ಧಣಿಯಲ್ಲ. ಠೇವಣಿದಾರ, ಸಾಲಗಾರ, ನೌಕರ, ಊರು, ಎಲ್ಲರ ಹಿತವೂ ಅದರಲ್ಲಿದೆ.

ಇದಕ್ಕೆ ದೃಷ್ಟಾಂತ ನಮ್ಮ ಉಡುಪಿಯಲ್ಲೇ ಇದೆ. 1925ರಲ್ಲಿ ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ ಹಾಗೂ ವೈದ್ಯ ಡಾ. ಟಿ. ಎಂ. ಎ. ಪೈ ಅವರು ಕೇವಲ 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಉದ್ದೇಶವಾಗಿತ್ತು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ 2 ಆಣೆಯನ್ನೂ ಸ್ವೀಕರಿಸಿದರು. 30 ದಿನಕ್ಕೆ ಅದು 3 ರೂಪಾಯಿ 12 ಆಣೆ. ಬಡವನಿಗೆ ಉಳಿತಾಯ, ಏಜೆಂಟನಿಗೆ ಸಂಪಾದನೆ, ಬ್ಯಾಂಕಿಗೆ ಸಾಲ ಕೊಡಲು ಹಣ. ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಪೇಟೆಗಳಲ್ಲಿ ಇಂದಿಗೂ ಉಳಿದಿದೆ.

ಇನ್ನು ನಮ್ಮ ಲೆಕ್ಕ ನೋಡೋಣ. 100 ರೂಪಾಯಿ ಸಾಲದಲ್ಲಿ ಠೇವಣಿಯ ಬಡ್ಡಿ, ಸಂಬಳ, ಇತರ ಖರ್ಚು ಕಳೆದು ವರ್ಷಕ್ಕೆ 2 ರೂಪಾಯಿ ಉಳಿಯುತ್ತದೆಂದು ಇಟ್ಟುಕೊಳ್ಳಿ. ಅಂಥ ಒಂದು ಸಾಲ ಪೂರ್ತಿ ಮುಳುಗಿದರೆ ಆ ನಷ್ಟ ತುಂಬಲು 50 ಒಳ್ಳೆಯ ಸಾಲಗಳ ಒಂದು ವರ್ಷದ ಲಾಭ ಬೇಕು! ಹಾಗಾಗಿ ಡಿವಿಡೆಂಡ್ ನಿರ್ಧಾರವಾಗುವುದು ಮಹಾಸಭೆಯಲ್ಲಲ್ಲ. ಸಾಲ ಕೊಡುವ ದಿನ ಮತ್ತು ವಸೂಲಾಗುವ ದಿನ.

ನಮ್ಮ ಬೆಳೆಗೆ ಇನ್ನೊಂದು ಅಪಾಯವೂ ಇದೆ. ಮಳೆ ಬಿಡದೆ ಹೊಡೆದರೆ ಅಡಿಕೆಗೂ ಕಾಫಿಗೂ ಕೊಳೆರೋಗ. ಆ ವರ್ಷ ಪ್ರಾಮಾಣಿಕ ಬೆಳೆಗಾರನೂ ಕಂತು ಕಟ್ಟಲಾರ. ಆಗ ಅವನಿಗೆ ವಾಯಿದೆ ಕೊಡುತ್ತಲೇ ಠೇವಣಿದಾರ ಕೇಳಿದ ದಿನ ಹಣ ಹಿಂತಿರುಗಿಸಬೇಕಾದರೆ ಕೈಯಲ್ಲಿ ನಗದು ಇರಬೇಕು, ನಷ್ಟ ತಾಳಿಕೊಳ್ಳಲು ಮೀಸಲು ನಿಧಿ ಗಟ್ಟಿಯಾಗಿರಬೇಕು. ಒಳ್ಳೆಯ ಫಸಲಿನ ವರ್ಷ ಲಾಭವನ್ನೆಲ್ಲ ಹಂಚಿಕೊಂಡರೆ ಇದು ಸಾಧ್ಯವೆ? ಸಹಕಾರದಲ್ಲಿ ಷೇರುದಾರ, ಠೇವಣಿದಾರ, ಸಾಲಗಾರ ಬಹುಮಟ್ಟಿಗೆ ಒಬ್ಬನೇ. ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಐಶ್ವರ್ಯ ಹೆಚ್ಚದು.

ಎಷ್ಟೇ ಷೇರಿದ್ದರೂ ಸದಸ್ಯನಿಗೆ ಒಂದೇ ಮತ. ಆ ಮತ ಚಲಾಯಿಸುವ ಮುನ್ನ ಇನ್ನೂ ಮೂರು ಪ್ರಶ್ನೆ ಕೇಳಿರಿ: ಸುಸ್ತಿ ಬಾಕಿ ಎಷ್ಟು? ಮೀಸಲು ನಿಧಿ ಎಷ್ಟು? ಠೇವಣಿ ಏರಿದೆಯೇ, ಇಳಿದಿದೆಯೇ? ಉತ್ತರ ಕೊಡಬೇಕಾದುದು ಆಡಳಿತ ಮಂಡಲಿಯ ಹೊಣೆ.